ಲೋಕೇಂದ್ರನ ಹೆಸರಿನಲ್ಲೇ

ಚಂದ್ರವಳ್ಳಿಯ ಗುಹೆ ನೋಡಲು ಹೋದ ದಿನ ನನಗೆ ಮೊದಲು ಅನುಮಾನ ಬಂತು. ನನ್ನ ಗಂಡ ಲೋಕೇಂದ್ರ ನೇಪಾಳದಿಂದ ನಮ್ಮ ಕಡೆಗೆ ಬಂದು ಕೆಲವೇ ವಾರವಾಗಿತ್ತು. ಊರು ತೋರಿಸೋಣ ಅಂತ ಒಂದು ಭಾನುವಾರ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಕೆರೆಯ ಪಕ್ಕದಿಂದ ಬಂಡೆ ಹತ್ತುವಾಗ ಅವನು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲತೊಡಗಿದ. ಅವನದು ಬೆಟ್ಟದೂರು. ಚಿಕ್ಕಂದಿನಲ್ಲಿ ಶಾಲೆಗೆ ಹೋಗಲು ಒಂದು ಗುಡ್ಡ ಇಳಿದು ಇನ್ನೊಂದು ಹತ್ತುತ್ತಿದ್ದನಂತೆ. ಅಂಥವನು ಈ ಸಣ್ಣ ಬಂಡೆಗೆ ಕೈ ಊರಿಕೊಂಡು ಉಸಿರು ಎಳೆಯುತ್ತಿದ್ದ.

“ಏನಾಯ್ತು?” ಅಂದೆ.

“ಬಿಸಿಲು ಜಾಸ್ತಿ ಐತೆ,” ಅಂದ.

ಅವತ್ತು ಮೋಡ ಮುಚ್ಚಿಕೊಂಡಿತ್ತು. ಗುಹೆ ನೋಡದೆ ಕೆಳಗಿಳಿದು, ಕಡಲೆಕಾಯಿ ತಿಂದು, ಬಸ್ಸು ಹತ್ತಿದೆವು.

ನಾನು ಹೊಸದುರ್ಗ ತಾಲ್ಲೂಕಿನ ಒಂದು ಕುರಿ ಸಾಕುವ ಮನೆಯವಳು. ಹೆಸರು ಮಂಜುಳಾ. ಹೊಲಿಗೆ ಕಲಿತಿದ್ದೆ. ಅದನ್ನೇ ನಂಬಿಕೊಂಡು ದೋಹಾಕ್ಕೆ ಹೋಗಿ, ಅಲ್ಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ, ಸಮವಸ್ತ್ರ ಹೊಲಿಯುವ ವಿಭಾಗದಲ್ಲಿ ಕೆಲಸ ಮಾಡಿದೆ. ಲೋಕೇಂದ್ರ ಅದೇ ಆಸ್ಪತ್ರೆಯ ಅಡಿಗೆಮನೆಯಲ್ಲಿದ್ದ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ನಾವು ಕೆಲಸದ ಜಾಗದಲ್ಲಿ ಪರಿಚಯವಾದವರು, ಹೆಸರೇ ಬಾಯಿಗೆ ರೂಢಿಯಾಗಿಬಿಟ್ಟಿತು. ಅವನೂ ನನ್ನಿಂದ ಅಷ್ಟಿಷ್ಟು ಕನ್ನಡ ಅಲ್ಲೇ ಕಲಿತ. ಇಬ್ಬರ ಕೆಲಸದ ಅವಧಿಯೂ ಮುಗಿದಾಗ ಅವನು ಊರಿಗೆ ಹೋಗಿ ತಾಯಿಗೆ ಹೇಳಿ ನನ್ನಲ್ಲಿಗೆ ಬಂದ. ಮದುವೆ ನೋಂದಣಿ ಮಾಡಿಸಿಕೊಂಡು ಐಮಂಗಲದಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು. ಅವನಿಗೆ ಹೆದ್ದಾರಿ ಪಕ್ಕದ ಡಾಬಾದಲ್ಲಿ ಅಡಿಗೆ ಕೆಲಸ ಸಿಕ್ಕಿತು. ನಾನು ಹಿರಿಯೂರಿನ ಒಂದು ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯಲು ಸೇರಿಕೊಂಡೆ. ನಮ್ಮ ಅವ್ವ ಬಂದು ಮನೆ ನೋಡಿ ಹೋದಳು. ನನ್ನ ಅಣ್ಣ ಈರಣ್ಣ ಬರಲಿಲ್ಲ. “ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಎಲ್ಲ ಬಿಟ್ಟು ಹಿಮಾಲಯಕ್ಕೇ ಹೋಗ್ಬೇಕಿತ್ತಾ ಗಂಡು ಹುಡುಕಾಕೆ?” ಅಂತ ಅವ್ವನ ಕೈಲಿ ಹೇಳಿ ಕಳಿಸಿದ್ದ.

ಚಂದ್ರವಳ್ಳಿಯಿಂದ ಬಂದ ಮೇಲೆ ನಾನು ಗಮನಿಸತೊಡಗಿದೆ. ಅವನು ಮಲಗುವಾಗ ತಲೆದಿಂಬಿನ ಕೆಳಗೆ ಮಡಚಿದ ರಗ್ಗು ಇಡುತ್ತಿದ್ದ. ನಂತರ ಅದರ ಮೇಲೆ ನನ್ನ ಸೀರೆಗಳ ಗಂಟು ಬಂತು. ಕೊನೆಗೆ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದ. ಒಣಕೆಮ್ಮು ಬೇರೆ. ಡಾಬಾದ ಹೊಗೆ ಅಂದ. ಒಂದು ದಿನ ಬಕೆಟ್ ನೀರು ಎತ್ತಿ ಅರ್ಧ ದಾರಿಯಲ್ಲಿ ಇಳಿಸಿ ಅಲ್ಲೇ ಕುಳಿತುಬಿಟ್ಟ. ಅವತ್ತು ನಾನು ಅಂಗಡಿಗೆ ರಜೆ ಹಾಕಿ ಅವನನ್ನು ಚಿತ್ರದುರ್ಗಕ್ಕೆ ಎಳೆದುಕೊಂಡು ಹೋದೆ.

ಹೃದಯದ ಡಾಕ್ಟರು ವಯಸ್ಸಾದವರು, ನಿಧಾನದ ಮನುಷ್ಯ. ಎದೆಗೆ ತಣ್ಣನೆಯ ಅಂಟು ಹಚ್ಚಿ ಎಕೋ ಮಾಡಿದರು. ಪರದೆ ಮೇಲೆ ಏನೋ ಬೆಳ್ಳಗೆ ತೆರೆದು ಮುಚ್ಚಿ ಮಾಡುತ್ತಿತ್ತು.

“ಚಿಕ್ಕ ವಯಸ್ನಲ್ಲಿ ಕೀಲು ಊದ್ಕೊಂಡು ಜ್ವರ ಬಂದಿತ್ತಾ?” ಅಂತ ಕೇಳಿದರು.

ಬಂದಿತ್ತು. ಲೋಕೇಂದ್ರನಿಗೆ ನೆನಪಿತ್ತು. ಒಂದು ಚಳಿಗಾಲ ಪೂರ್ತಿ ಮೊಣಕಾಲು ಊದಿ, ಶಾಲೆ ಬಿಟ್ಟು, ಒಲೆಯ ಪಕ್ಕ ಮಲಗಿದ್ದನಂತೆ. ಆ ಜ್ವರ ಕೀಲು ಬಿಟ್ಟು ಎದೆಗೆ ಇಳಿದು ಒಂದು ಕವಾಟವನ್ನು ಗಟ್ಟಿಮಾಡಿ ಹೋಗಿತ್ತು. ಬಾಗಿಲು ಸರಿಯಾಗಿ ತೆರೆಯುತ್ತಿಲ್ಲ, ಬಲೂನ್ ಹಾಕಿ ಅಗಲ ಮಾಡಬೇಕು, ಎದೆ ಕೊಯ್ಯುವ ಅಗತ್ಯವಿಲ್ಲ ಅಂತ ಡಾಕ್ಟರು ಹೇಳಿದರು. ಕೊನೆಗೆ ಪೆನ್ನು ಮುಚ್ಚುತ್ತಾ ಕೇಳಿದರು: “ಕಾರ್ಡ್ ಯಾವುದಿದೆ?”

ಸರ್ಕಾರದಿಂದ ಚಿಕಿತ್ಸೆಯ ಖರ್ಚು ಸಿಗುವಂಥ ಯಾವ ಕಾರ್ಡೂ ನಮ್ಮ ಹತ್ತಿರ ಇರಲಿಲ್ಲ. ಆ ಕಾಯಿಲೆಗಿಂತ ಈ ಪ್ರಶ್ನೆಗೇ ನಾನು ಹೆಚ್ಚು ಹೆದರಿದೆ. ಖಾಸಗಿ ಆಸ್ಪತ್ರೆಯ ಮಾತು ಹಾಗಿರಲಿ, ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋದರೂ ಕಾರ್ಡಿಲ್ಲದವರಿಗೆ ಆ ಬಲೂನು ಎಟುಕುವಂಥದ್ದಲ್ಲ ಅಂತ ಹೊರಗೆ ಕೂತವರೆಲ್ಲ ಹೇಳಿದರು.

ಆಮೇಲಿನ ದಿನಗಳಲ್ಲಿ ನಾನು ಕಚೇರಿಗಳ ಬೆಂಚುಗಳ ಮೇಲೆ ಕೂತದ್ದೇ ಹೆಚ್ಚು. ಆರೋಗ್ಯ ಕಾರ್ಡು ಆಗಬೇಕಾದರೆ ರೇಷನ್ ಕಾರ್ಡಿನಲ್ಲಿ ಹೆಸರಿರಬೇಕಂತೆ. ನನ್ನ ಹೆಸರು ಇನ್ನೂ ಅವ್ವನ ಕಾರ್ಡಿನಲ್ಲಿತ್ತು. ಅದಕ್ಕೆ ಗಂಡನನ್ನು ಸೇರಿಸಲು ಹೋದರೆ, “ಮೊದ್ಲು ಆಧಾರ್ ತಗಂಬರ್ರಿ” ಅಂದರು. ಆಧಾರ್ ಮಾಡಿಸಲು ಹೋದರೆ ಅವನ ಬೆರಳಚ್ಚು ಯಂತ್ರಕ್ಕೆ ಹತ್ತಲಿಲ್ಲ. ವರ್ಷಗಟ್ಟಲೆ ಬಿಸಿ ಬಾಣಲೆ ಹಿಡಿದ ಬೆರಳುಗಳು, ಗೆರೆಯೇ ಸವೆದಿದ್ದವು. ಎಣ್ಣೆ ಹಚ್ಚಿ, ಒರೆಸಿ, ಮತ್ತೆ ಮತ್ತೆ ಒತ್ತಿಸಿ ಅಂತೂ ಒಂದು ದಿನ ತೆಗೆದುಕೊಂಡಿತು. ಆಧಾರ್ ಬಂದ ಮೇಲೂ ಬೇರೆ ದೇಶದವರನ್ನು ಕಾರ್ಡಿಗೆ ಸೇರಿಸುವುದಕ್ಕೆ ಮೇಲಿನವರನ್ನು ಕೇಳಬೇಕು ಅಂದರು. ಕೇಳಿದರೋ ಇಲ್ಲವೋ, ಉತ್ತರ ಬರಲಿಲ್ಲ. ಯಾರೂ ಬೈಯಲಿಲ್ಲ, ಯಾರೂ ಆಗುವುದಿಲ್ಲ ಅನ್ನಲಿಲ್ಲ. “ಮುಂದಿನ ವಾರ ಬರ್ರಿ” ಅನ್ನುತ್ತಿದ್ದರು, ಅಷ್ಟೆ.

ವಿಮೆ ಮಾಡಿಸುವ ಒಬ್ಬರು ಮನೆಗೇ ಬಂದರು. ಡಾಕ್ಟರ ಚೀಟಿ ನೋಡಿ ಮುಖ ಸಣ್ಣದು ಮಾಡಿಕೊಂಡರು. ಮೊದಲೇ ಇರುವ ಕಾಯಿಲೆಗೆ ವಿಮೆ ಸಿಗಬೇಕಾದರೆ ಕೆಲವು ವರ್ಷ ಕಾಯಬೇಕಂತೆ. ಅದನ್ನು ಮುಚ್ಚಿಟ್ಟರೆ ಆಮೇಲೆ ಎಲ್ಲವೂ ರದ್ದಾಗುತ್ತದಂತೆ. ಕೊಟ್ಟ ಚಹಾ ಕುಡಿದು, “ತಪ್ಪು ತಿಳ್ಕಬ್ಯಾಡ್ರಿ ಅಕ್ಕ, ಸುಳ್ಳು ಹೇಳಿ ಮಾಡ್ಸಿದ್ರೆ ನಿಮ್ಗೇ ಕಷ್ಟ” ಅಂತ ಹೇಳಿ ಹೋದರು. ಅವರ ಮೇಲೆ ನನಗೆ ಈಗಲೂ ಗೌರವವಿದೆ.

ದಾರಿ ಸಿಕ್ಕಿದ್ದು ಆಸ್ಪತ್ರೆಯ ವರಾಂಡದಲ್ಲಿ. ಮಾತ್ರೆ ಬದಲಾಯಿಸಿಕೊಳ್ಳಲು ಹೋಗಿ ಕಾಯುತ್ತಿದ್ದೆವು. ಪಕ್ಕದಲ್ಲಿ ಒಬ್ಬ ಹೆಂಗಸು ಡಬ್ಬಿ ಬಿಚ್ಚಿ ಗಂಡನಿಗೆ ಚಿತ್ರಾನ್ನ ಕೊಡುತ್ತಿದ್ದರು. ನಮ್ಮ ಕಡೆಗೂ ಒಂದು ಮುಚ್ಚಳದಲ್ಲಿ ಹಾಕಿ ಕೊಟ್ಟರು. ಹೆಸರು ಶಾಂತಕ್ಕ, ಚಿಕ್ಕಜಾಜೂರಿನ ಕಡೆಯವರು, ಈಗ ಚಿತ್ರದುರ್ಗದಲ್ಲೇ ಇದ್ದರು. ಮಾತಿಗೆ ಮಾತು ಬಂದು ನಾನು ನಮ್ಮ ಕಥೆ ಹೇಳಿದೆ.

“ನಮ್ಮನೆಯೋರಿಗೂ ಎದೇದೇ ತೊಂದ್ರೆ,” ಅಂದರು ಶಾಂತಕ್ಕ. “ನಾನು ಗಾರ್ಮೆಂಟ್ಸಿಗೆ ಹೋಗ್ತೀನಲ್ಲ, ಸಂಬಳದಾಗೆ ವಿಮೆಗೆ ಅಂತ ಹಿಡೀತಾರೆ. ಅದ್ರಾಗೇ ಇವ್ರಿಗೂ ನಡೀತೈತೆ.”

“ಹೆಂಡ್ತಿ ಕೆಲ್ಸದ ಮೇಲೆ ಗಂಡಂಗೂ ಕೊಡ್ತಾರಾ?”

“ಯಾಕೆ ಕೊಡಲ್ಲ? ದುಡಿಯೋಳು ನಾನು. ನನ್ನ ಮನೆ ಮಂದಿ ಯಾರು ಅಂತ ನಾನ್ ತಾನೆ ಬರೆಸ್ಬೇಕು.” ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದರು: “ಆದ್ರೆ ಸೇರಿದ ತಕ್ಷಣ ದೊಡ್ಡ ಚಿಕಿತ್ಸೆ ಸಿಗಲ್ಲಮ್ಮ. ಕೆಲವು ತಿಂಗ್ಳು ದುಡಿದಿರ್ಬೇಕು. ಅಲ್ಲಿಗಂಟ ತಡಿಯಂಗಿದ್ರೆ ನೋಡು.”

ಒಳಗೆ ಹೋದಾಗ ನಾನು ಡಾಕ್ಟರನ್ನು ಅದನ್ನೇ ಕೇಳಿದೆ. ಅರ್ಧ ವರ್ಷ ತಡೆಯಬಹುದಾ? ಅವರು ಸ್ವಲ್ಪ ಹೊತ್ತು ಯೋಚಿಸಿದರು. ಮಾತ್ರೆ ತಪ್ಪಿಸದೆ, ಉಪ್ಪು ಬಿಟ್ಟು, ನೀರು ಅಳೆದು ಕುಡಿದು, ಭಾರದ ಕೆಲಸ ಮಾಡದೆ ಇದ್ದರೆ ಪ್ರಯತ್ನಿಸಬಹುದು ಅಂದರು. ಉಸಿರು ಕಟ್ಟಿದರೆ ಮಾತ್ರ ಒಂದು ನಿಮಿಷವೂ ಕಾಯದೆ ಬರಬೇಕು ಅಂದರು.

ಮರುವಾರ ನಾನು ಟೈಲರ್ ಅಂಗಡಿ ಬಿಟ್ಟು ಹೆದ್ದಾರಿ ಪಕ್ಕದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿದೆ. ಅಂಗಡಿಯಲ್ಲಿ ನನ್ನ ಇಷ್ಟದಂತೆ ಹೊಲಿಯುತ್ತಿದ್ದವಳು ಇಲ್ಲಿ ದಿನವಿಡೀ ಅಂಗಿಯ ಒಂದೇ ತೋಳು ಕೂಡಿಸುತ್ತಿದ್ದೆ. ಕಚೇರಿಯಲ್ಲಿ ಮನೆಯವರ ವಿವರ ಬರೆದುಕೊಳ್ಳುವ ಹುಡುಗಿ ತಲೆ ಎತ್ತಿ ನೋಡಿದಳು.

“ಅವಲಂಬಿತರು ಗಂಡ ಅಂತ ಬರೀಲಾ ಅಕ್ಕ?”

“ಹೂಂ.”

“ಊರು?”

“ನೇಪಾಳ.”

ಅವಳು ಪೆನ್ನು ಕೆಳಗಿಟ್ಟಳು. ಯಾರಿಗೋ ಫೋನ್ ಮಾಡಿದಳು, ಇನ್ಯಾರಿಗೋ ಮಾಡಿದಳು. ನಾನು ಮದುವೆಯ ಕಾಗದ, ಅವನ ದೇಶದ ಪೌರತ್ವದ ಕಾಗದ, ಆಧಾರ್ ಎಲ್ಲ ಮೇಜಿನ ಮೇಲೆ ಹರವಿ ನಿಂತಿದ್ದೆ. ಕೊನೆಗೆ ಫೋನಿನ ಆ ಕಡೆಯವರು ಹೇಳಿದ್ದನ್ನು ಅವಳು ನನಗೆ ಹಾಗೇ ಹೇಳಿದಳು: “ಗಂಡ ಆಗಿರ್ಬೇಕು ಅಷ್ಟೇ ಅಂತೆ ಅಕ್ಕ. ಯಾವ ದೇಶದೋರು ಅಂತ ಎಲ್ಲೂ ಕೇಳಿಲ್ಲ ಅಂತೆ.” ಆ ಹುಡುಗಿಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಕಾಗದ ಮಡಚಿಕೊಂಡು ಹೊಲಿಗೆ ಮಿಷನ್ನಿಗೆ ಹೋದೆ.

ಆ ತಿಂಗಳುಗಳ ಬಗ್ಗೆ ಹೇಳುವುದು ಕಷ್ಟ, ಏಕೆಂದರೆ ಹೆಚ್ಚಾಗಿ ಏನೂ ನಡೆಯಲಿಲ್ಲ. ಲೋಕೇಂದ್ರ ಡಾಬಾ ಬಿಟ್ಟ. ಅಲ್ಲಿ ಎಲ್ಲರೂ ಅವನನ್ನು ಲೋಕೇಶ ಮಾಡಿಕೊಂಡಿದ್ದರು. ಮಾಲೀಕರಾದ ಸಣ್ಣಪ್ಪನವರು ಆಗಾಗ ಬಂದು “ಏನಪ್ಪ ಲೋಕೇಶ, ನಿನ್ ಕೈ ರುಚಿ ಇಲ್ದೆ ಲಾರಿಯೋರು ನಿಲ್ಸೋದೇ ಬಿಟ್ಟವ್ರೆ” ಅಂತ ಮಾತಾಡಿಸಿ ಹೋಗುತ್ತಿದ್ದರು. ಮನೆಯಲ್ಲಿ ಅವನು ಉಪ್ಪಿಲ್ಲದ ಅಡಿಗೆ ಕಲಿತ. ನಿಂಬೆ, ಕೊತ್ತಂಬರಿ, ಹುರಿದ ಬೆಳ್ಳುಳ್ಳಿ, ಏನೇನೋ ಹಾಕಿ ಉಪ್ಪನ್ನು ಮರೆಸಲು ನೋಡುತ್ತಿದ್ದ. ನಾನೂ ಅದನ್ನೇ ತಿನ್ನುತ್ತಿದ್ದೆ. ಫ್ಯಾಕ್ಟರಿಯಲ್ಲಿ ಜೊತೆಯವರು ಉಪ್ಪಿನಕಾಯಿ ಕೊಟ್ಟರೆ ಕಳ್ಳಿಯಂತೆ ನೆಕ್ಕುತ್ತಿದ್ದೆ. ಸಂಜೆ ಕಂಪನಿ ಬಸ್ಸಿನಿಂದ ಇಳಿದು ಮನೆಯ ತಿರುವಿಗೆ ಬರುವಾಗ ಪ್ರತಿದಿನ ಕತ್ತು ಚಾಚಿ ನೋಡುತ್ತಿದ್ದೆ. ಬಾಗಿಲಲ್ಲಿ ಅವನು ಕುರ್ಚಿ ಹಾಕಿ ಕೂತಿರುವುದು ಕಂಡರೆ ಹೆಜ್ಜೆ ಹಗುರಾಗುತ್ತಿತ್ತು.

ಒಂದು ದಿನ ಕಾಣಲಿಲ್ಲ. ಕುರ್ಚಿ ಇತ್ತು, ಅವನಿರಲಿಲ್ಲ. ಪಕ್ಕದ ಮನೆಯವರು ಓಡಿ ಬಂದು, ಮಧ್ಯಾಹ್ನ ಕೆಮ್ಮು ಹತ್ತಿ ಬಾಯಲ್ಲಿ ನಸುಗೆಂಪು ನೊರೆ ಬಂತು, ಡಾಬಾದ ಸಣ್ಣಪ್ಪನವರು ತಮ್ಮ ಗಾಡಿಯಲ್ಲಿ ಚಿತ್ರದುರ್ಗಕ್ಕೆ ಹಾಕಿಕೊಂಡು ಹೋದರು ಅಂದರು. ನಾನು ಹೋಗಿ ಸೇರುವ ಹೊತ್ತಿಗೆ ಅವನ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿದ್ದರು. ಸೂಜಿಮದ್ದು ಕೊಟ್ಟು ಶ್ವಾಸಕೋಶದಲ್ಲಿ ತುಂಬಿದ್ದ ನೀರು ಇಳಿಸಿದ್ದರಂತೆ. ನನ್ನನ್ನು ಕಂಡು ಕೈ ಎತ್ತಿದ. ಆ ಕೈ ಹಿಡಿದುಕೊಂಡು ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ. ಎರಡು ದಿನಕ್ಕೆ ಚೇತರಿಸಿಕೊಂಡ. ಆದರೆ ಡಾಕ್ಟರು ಈ ಸಲ ಯೋಚಿಸದೆ ಹೇಳಿದರು: “ಇನ್ನು ಬಹಳ ದಿನ ಎಳೆಯೋದು ಬೇಡಮ್ಮ.”

ವಿಮೆಗೆ ಬೇಕಾದ ಫ್ಯಾಕ್ಟರಿಯ ತಿಂಗಳುಗಳು ಇನ್ನೂ ಪೂರ್ತಿಯಾಗಿರಲಿಲ್ಲ.

ಮನೆಗೆ ಬಂದ ಮರುದಿನ ಅಣ್ಣ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಅವ್ವ ಕಳಿಸಿದ ರಾಗಿಹಿಟ್ಟಿನ ಚೀಲ. ಮದುವೆಯಾದ ಮೇಲೆ ಅವನು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ಲೋಕೇಂದ್ರ ಏಳಲು ಹೋದ.

“ಕುಂತ್ಕಳ್ರಿ, ಕುಂತ್ಕಳ್ರಿ,” ಅಂದ ಅಣ್ಣ. ತಾನೂ ಗೋಡೆಗೆ ಒರಗಿ ಕೂತು, ಬಹಳ ಹೊತ್ತು ಕುರಿಗಳ ವಿಷಯ, ಮೇವಿನ ವಿಷಯ ಮಾತಾಡಿದ. ಆಮೇಲೆ ಅಂಗಿಯ ಜೇಬಿನಿಂದ ತನ್ನ ಆರೋಗ್ಯ ಕಾರ್ಡು ತೆಗೆದು ಚಾಪೆಯ ಮೇಲಿಟ್ಟ.

“ಇದ್ರಾಗೆ ಹೋಗಿ ಬರ್ಲಿ. ನಂದೂ ಅವ್ರದೂ ಒಂದೇ ವಯಸ್ಸು. ಫೋಟೋ ಎಂದಿನ್ದೋ, ನನಗೇ ನನ್ನ ಗುರ್ತು ಸಿಗಲ್ಲ. ಈರಣ್ಣ ಅಂತ ಹೇಳಿ ಮಲಗಿಬಿಟ್ರೆ ಮುಗೀತು.”

ನಾನು ಆ ಕಾರ್ಡನ್ನೇ ನೋಡುತ್ತಿದ್ದೆ. ತಪ್ಪು ಅಂತ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ತಪ್ಪು ಸರಿ ಯಾವುದೂ ನನಗೆ ಬೇಕಾಗಿರಲಿಲ್ಲ. ಆ ನಸುಗೆಂಪು ನೊರೆ ಇನ್ನೊಮ್ಮೆ ಬರಬಾರದು, ಅಷ್ಟೇ ಬೇಕಿತ್ತು. ನಾನು ಕೈ ಚಾಚಿದೆ.

ಲೋಕೇಂದ್ರ ನನಗಿಂತ ಮೊದಲು ಅದನ್ನು ಎತ್ತಿಕೊಂಡು, ಒರೆಸಿ, ಎರಡೂ ಕೈಯಿಂದ ಅಣ್ಣನಿಗೆ ವಾಪಸು ಕೊಟ್ಟ. ಅವನ ಕನ್ನಡ ಇನ್ನೂ ತಡವರಿಸುತ್ತಿತ್ತು. ಒಂದೊಂದೇ ಮಾತು ಹುಡುಕಿ ಹೇಳಿದ:

“ಅಣ್ಣ, ಒಳಗೆ ನಾನು ಸತ್ತರೆ, ಸತ್ತೋರು ಯಾರು? ನೀವು. ನಾನು ಎಲ್ಲಿ ಹೋದೆ ಅಂತ ನಮ್ಮವ್ವಂಗೆ ಯಾವ ಕಾಗದ ತೋರಸ್ತೀರಿ? ಮಂಜುಳಾ ಯಾರ ಹೆಂಡತಿ ಅಂತಾರೆ? ಬದುಕಿದ್ರೂ ಕಷ್ಟ ಐತೆ. ಮುಂದಿನ ಸಲ ಡಾಕ್ಟ್ರು ಹಳೇ ಚೀಟಿ ಕೇಳ್ತಾರೆ. ಈ ಎದೆ ಯಾರದು ಅಂತ ಹೇಳ್ಲಿ?”

ಅಣ್ಣನಿಗೆ ಮುಖಭಂಗವಾಯಿತು. “ನನ್ ಹೆಸ್ರು ಅಷ್ಟು ಕೆಟ್ಟದಾ?” ಅಂತ ಎದ್ದ. ಊಟಕ್ಕೆ ನಿಲ್ಲಲಿಲ್ಲ. ಕಂಬಳಿ ಹೊದ್ದುಕೊಂಡು ಹೆದ್ದಾರಿಯ ಕಡೆ ನಡೆದುಬಿಟ್ಟ.

ಮರುದಿನ ಬೆಳಿಗ್ಗೆ ಡಬ್ಬಿ ಕಟ್ಟುವಾಗ ಗಂಡನ ಮೇಲಿನ ನನ್ನ ಸಿಟ್ಟು ಹೊರಬಿತ್ತು. “ನಿನಗೆ ನಿನ್ನ ಹೆಸರು ದೊಡ್ಡದು. ನನಗೆ ನೀನು ಬೇಕಿತ್ತು,” ಅಂದೆ.

ಅವನು ಸಿಟ್ಟಾಗಲಿಲ್ಲ. “ಹೆಸರು ಬಿಟ್ಟರೆ ಇಲ್ಲಿಗೆ ನಾನು ಬೇರೆ ಏನು ತಂದಿದೀನಿ ಹೇಳು,” ಅಂದ.

ಬಸ್ಸಿನ ಹಾರ್ನ್ ಕೇಳಿಸಿತು. ನಾನು ಓಡಿದೆ. ದಾರಿಯುದ್ದಕ್ಕೂ ಆ ಮಾತು ತಲೆಯಲ್ಲಿ ತಿರುಗುತ್ತಿತ್ತು. ಸಂಜೆ ಬಂದಾಗ ಅವನ ಪಕ್ಕ ಹೊಸ್ತಿಲ ಮೇಲೆ ಕೂತೆ. ಕ್ಷಮೆ ಕೇಳುವ ಪದ್ಧತಿ ನಮ್ಮಿಬ್ಬರಿಗೂ ಇಲ್ಲ. ಅವನು ಅವರೆಕಾಯಿ ಸುಲಿಯುತ್ತಿದ್ದ. ನಾನೂ ಸುಲಿದೆ.

ಉಳಿದ ವಾರಗಳನ್ನು ಹೇಗೋ ದಾಟಿದೆವು. ಹೊತ್ತುಹೊತ್ತಿಗೆ ಮಾತ್ರೆ, ಅಳೆದ ನೀರು. ನಾನು ಕೆಲಸಕ್ಕೆ ಹೋದಾಗ ಪಕ್ಕದ ಮನೆಯವರು ಬಂದು ಬಾಗಿಲಲ್ಲಿ ಕೂತಿರುತ್ತಿದ್ದರು. ಅವ್ವ ಬಂದು ಕೆಲವು ದಿನ ಇದ್ದಳು. ಅಳಿಯ ಮಾಡಿದ ಸಪ್ಪೆ ಸಾರು ಉಂಡು, “ಬಾಣಂತಿ ಸಾರಿದ್ದಂಗೈತೆ” ಅಂತ ನಗಿಸುತ್ತಿದ್ದಳು. ತಿಂಗಳುಗಳು ತುಂಬಿದ ಕೂಡಲೇ ವಿಮೆಯವರ ಕಾರ್ಮಿಕರ ದವಾಖಾನೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಎಲ್ಲ ಕಾಗದ ನೋಡಿ, ಲೋಕೇಂದ್ರ ಅಂತ ಪೂರ್ತಿ ಹೆಸರು ಬರೆದು ಬೆಂಗಳೂರಿನ ಆಸ್ಪತ್ರೆಗೆ ಕಳಿಸಿದರು. ನಾನು ಆ ಚೀಟಿಯನ್ನು ಬಸ್ಸಿನಲ್ಲಿ ಎಷ್ಟು ಸಲ ತೆಗೆದು ನೋಡಿದೆನೋ.

ಚಿಕಿತ್ಸೆಯ ದಿನ ಬೆಳಿಗ್ಗೆ ಅವನನ್ನು ಒಳಗೆ ತಳ್ಳಿಕೊಂಡು ಹೋದರು. ಹೊರಗೆ ಕುರ್ಚಿಗಳ ಸಾಲು. ನನ್ನ ಪಕ್ಕದಲ್ಲಿ ಒಬ್ಬ ತಾಯಿ ಮಗನಿಗಾಗಿ ಕಾಯುತ್ತಿದ್ದಳು. ಪರಿಚಯವಿಲ್ಲದಿದ್ದರೂ ಇಬ್ಬರೂ ಒಬ್ಬರ ಸೆರಗನ್ನೊಬ್ಬರು ಹಿಡಿದುಕೊಂಡಂತೆ ಕೂತಿದ್ದೆವು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಏಳುತ್ತಿದ್ದೆವು. ನಾನು ಅಂದುಕೊಂಡದ್ದಕ್ಕಿಂತ ಬೇಗ ಒಬ್ಬ ಯುವ ಡಾಕ್ಟರು ಬಂದು, “ಲೋಕೇಂದ್ರ ಅವರ ಕಡೆಯವರು ಯಾರು?” ಅಂದರು. ಕವಾಟ ಚೆನ್ನಾಗಿ ತೆರೆದಿದೆ ಅಂದರು. ನಾನು ಏನು ಕೇಳಬೇಕೋ ಮರೆತು, “ಊಟ ಕೊಡಬಹುದಾ?” ಅಂತ ಕೇಳಿದೆ.

ತೊಡೆಯ ಸಂದಿಯಿಂದ ತಂತಿ ಹಾಕಿದ್ದರು. ಅವನಿಗೆ ಎಚ್ಚರವಿತ್ತು. ಆಮೇಲೆ ಹೇಳಿದ: ಬಲೂನ್ ಉಬ್ಬಿದಾಗ ಒಂದು ಗಳಿಗೆ ಎಲ್ಲ ನಿಂತ ಹಾಗಾಯಿತಂತೆ. ಮುಂದಿನ ಉಸಿರು ಎಷ್ಟು ಆಳಕ್ಕೆ ಹೋಯಿತು ಅಂದರೆ, ಇಷ್ಟು ಜಾಗ ಒಳಗಿತ್ತಾ ಅಂತ ಅವನಿಗೇ ಆಶ್ಚರ್ಯವಾಯಿತಂತೆ.

ಮರುದಿನ ವಾರ್ಡಿನ ಬಾಗಿಲಲ್ಲಿ ಅಣ್ಣ ನಿಂತಿದ್ದ. ಹೆಗಲ ಮೇಲೆ ಅದೇ ಕಂಬಳಿ, ಕಾವಲಿನವರು ಅನುಮಾನದಿಂದ ನೋಡುತ್ತಿದ್ದರು. ಕುರಿಗಳನ್ನು ಯಾರಿಗೋ ಒಪ್ಪಿಸಿ ಬಂದಿದ್ದ. ಮಂಚದ ಹತ್ತಿರ ಬಂದು ಲೋಕೇಂದ್ರನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಸ್ಟೂಲ್ ಎಳೆದುಕೊಂಡು ಕೂತ.

“ಅಲ್ಲ ಭಾವ, ದಾರಿಯಾಗೆ ಯೋಚ್ನೆ ಮಾಡ್ಕೊಂಡೇ ಬಂದೆ,” ಅಂದ. “ಅವತ್ತು ನೀವು ಹೂಂ ಅಂದಿದ್ರೆ ಇವತ್ತು ಈ ಮಂಚದ ಮ್ಯಾಲೆ ಈರಣ್ಣ ಮಲಗಿರ್ತಿದ್ದ. ಇನ್ನ ನಿಮ್ಮನ್ನ ನೋಡಾಕೆ ಬರಾಕೆ ಯಾವ ಈರಣ್ಣ ಇರ್ತಿದ್ದ ಹೇಳ್ರಿ?”

ಲೋಕೇಂದ್ರ ನಗಬಾರದು ಅಂದುಕೊಂಡರೂ ತೊಡೆಯ ಕಟ್ಟನ್ನು ಒತ್ತಿ ಹಿಡಿದುಕೊಂಡು ನಕ್ಕ. ಪಕ್ಕದ ಮಂಚದವರೂ ನಕ್ಕರು. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಈಗ ನಾವು ಐಮಂಗಲದಲ್ಲೇ ಇದ್ದೇವೆ. ಕಾಯಿಲೆ ಪೂರ್ತಿ ಹೋಯಿತು ಅಂತ ಹೇಳಲಾರೆ. ಕವಾಟ ಮುಂದೆ ಯಾವತ್ತಾದರೂ ಮತ್ತೆ ಬಿಗಿಯಾಗಬಹುದಂತೆ. ಆ ಹಳೇ ಜ್ವರ ಮರುಕಳಿಸದಿರಲಿ ಅಂತ ಮೂರು ವಾರಕ್ಕೊಮ್ಮೆ ಒಂದು ಸೂಜಿಮದ್ದು, ಸೊಂಟಕ್ಕೆ, ಬಹಳ ನೋವಿನದ್ದು. ಆ ದಿನ ಅವನು ಕುಂಟುತ್ತಾ ಮನೆಗೆ ಬರುತ್ತಾನೆ. ಡಾಬಾದಲ್ಲಿ ಅರ್ಧ ದಿನದ ಕೆಲಸ ಮತ್ತೆ ಸಿಕ್ಕಿದೆ. ರವಿಕೆ ಹೊಲಿಯಲು ಹಿರಿಯೂರಿನ ಅಂಗಡಿಯವರು ಕರೆಯುತ್ತಾರೆ. ಕೈ ತುಡಿಯುತ್ತದೆ, ಆದರೂ ನಾನು ತೋಳು ಕೂಡಿಸುತ್ತಾ ಫ್ಯಾಕ್ಟರಿಯಲ್ಲೇ ಉಳಿದಿದ್ದೇನೆ. ನಮಗೆ ಆ ವಿಮೆ ಬೇಕು. ಹೊರಗಿನಿಂದ ಬಂದ ಗಂಡನನ್ನೋ ಹೆಂಡತಿಯನ್ನೋ ಕಟ್ಟಿಕೊಂಡು ಬೆಂಚಿನ ಮೇಲೆ ಕಾಯುತ್ತಿರುವವರು ಯಾರಾದರೂ ಇದನ್ನು ಓದಿದರೆ, ಪಕ್ಕದಲ್ಲಿ ಕೂತವರ ಜೊತೆ ಮಾತಾಡಿ ಅಂತ ಮಾತ್ರ ಹೇಳಬಲ್ಲೆ. ನನಗೆ ತಿಳಿದದ್ದೆಲ್ಲ ಹಾಗೆ ತಿಳಿದದ್ದು.

ಬೆಂಗಳೂರಿನಿಂದ ಬಂದು ಕೆಲವು ದಿನವಾದ ಮೇಲೆ ಲೋಕೇಂದ್ರ ತಾಯಿಗೆ ಫೋನ್ ಮಾಡಿದ. ಅಲ್ಲಿಯವರೆಗೆ ಆ ಮುದುಕಿಗೆ ಏನೂ ಹೇಳಿರಲಿಲ್ಲ. ಭಾನುವಾರದ ಬೆಳಿಗ್ಗೆ ಅಂಗಳದಲ್ಲಿ ಕೂತು, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದ. ನಾನು ಬಟ್ಟೆ ಹಿಂಡುತ್ತಾ ಅವನ ಮುಖ ನೋಡುತ್ತಿದ್ದೆ. ಎಲ್ಲ ಕೇಳಿ ಅವರು ಏನೋ ಹೇಳಿದರು. ಅವನು ಫೋನನ್ನು ನನ್ನ ಕಡೆ ಹಿಡಿದ.

“ನಿನ್ನ ಕೇಳ್ತಾಳೆ.”

ಒದ್ದೆ ಕೈ ಸೆರಗಿಗೆ ಒರೆಸಿ ಕಿವಿಗಿಟ್ಟುಕೊಂಡೆ. ಅವರ ಭಾಷೆಯ ನಾಲ್ಕು ಪದವೂ ನನಗೆ ಬರುವುದಿಲ್ಲ. ಒಂದು ಚಿಕ್ಕ ಪ್ರಶ್ನೆ ಕೇಳಿದರು. ಮತ್ತೆ ಅದನ್ನೇ, ಇನ್ನೂ ನಿಧಾನವಾಗಿ ಕೇಳಿದರು.

“ಏನಂತೆ?” ಅಂದೆ ಲೋಕೇಂದ್ರನಿಗೆ.

“ನೀನು ಊಟ ಮಾಡಿದ್ಯಾ ಅಂತ.”

ಅಷ್ಟು ತಿಂಗಳಲ್ಲಿ ಯಾರು ಯಾರೋ ಏನೇನೋ ಕೇಳಿದ್ದರು. ಅವನ ಉಸಿರು, ಅವನ ಕಾಗದ, ಅವನ ಊರು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ನುವುದು ಆಗಲೇ ನೆನಪಾಯಿತು.

“ಇಲ್ಲ ಅವ್ವ,” ಅಂದೆ ಕನ್ನಡದಲ್ಲೇ. “ಇನ್ನೂ ಇಲ್ಲ.”

ಲೋಕೇಂದ್ರ ಎದ್ದು ಒಳಗೆ ಹೋಗಿ ಒಲೆ ಹಚ್ಚಿದ.